ತಮ್ಮ ಅಡಿಗೆಮನೆಯನ್ನೇ ನೋಡದ ಜಮಾದಾರರು

ಬೇಸಿಗೆಗೆಂದು ಬೇರೆ ಊರಿನಲ್ಲಿ ಮನೆ ಹಿಡಿಯುವವರು ಮೊದಲು ಒಲೆ ನೋಡಬೇಕು, ಆಮೇಲೆ ಬಾವಿ, ಆಮೇಲೆ ಬಾಗಿಲ ಚಿಲಕ. ಗಿಡ, ಗಾಳಿ, ಹಕ್ಕಿಗಳನ್ನು ಊಟವಾದ ಮೇಲೆ ನೋಡಿದರೂ ನಡೆಯುತ್ತದೆ. ಕಮಲಾಪುರದಲ್ಲಿ ಮನೆ ಹಿಡಿದಾಗ ನನ್ನಿಂದ ಈ ಕ್ರಮ ತಪ್ಪಿತು. ಮೊದಲು ಗಿಡ ನೋಡಿದೆ. ಅದಕ್ಕೂ ಮೊದಲು ಆ ಮನೆಯ ಯಜಮಾನರನ್ನು ನೋಡಿದೆ. ಅವರನ್ನು ನೋಡಿದ ಮೇಲೆ ಒಲೆ ನೋಡಬೇಕೆಂಬ ವಿಚಾರ ಯಾರಿಗೂ ಬರುತ್ತಿರಲಿಲ್ಲ.

ಇದು ನಿಜಾಮರ ರಾಜ್ಯದ ಕಾಲದ ಮಾತು. ನಾನು ಕಲಬುರ್ಗಿಯಲ್ಲಿ ಶಾಲಾ ಮಾಸ್ತರ, ಮನೆ ಗಾಜಿಪುರದಲ್ಲಿ. ಆ ವರ್ಷ ನನ್ನ ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಚಳಿಗಾಲದಲ್ಲಿ ಅವ್ವನಿಗೆ ಹತ್ತಿದ ಕೆಮ್ಮು ಯುಗಾದಿ ದಾಟಿದರೂ ಬಿಡಲಿಲ್ಲ. ಓಣಿಯ ಹಕೀಮರು ನಾಡಿ ನೋಡಿ, "ದವಾ ಸಾಕು, ಇನ್ನ ಹವಾ ಬದಲಿ ಮಾಡ್ರಿ" ಎಂದರು. ಕಲಬುರ್ಗಿಯ ಬೇಸಿಗೆಯ ಧೂಳಿಗೆ ಹೋಲಿಸಿದರೆ ಕಮಲಾಪುರ ತಂಪು. ಕೆಂಪು ಮಣ್ಣು, ನೀರಿನ ಬಾವಿಗಳು, ಬಾಳೆಯ ತೋಟಗಳು. ಅಲ್ಲಿ ಒಬ್ಬ ಜಮಾದಾರರು ನೌಕರಿಯಿಂದ ನಿವೃತ್ತರಾಗಿ ತಮ್ಮ ತೋಟದ ಮನೆಯನ್ನು ಬೇಸಿಗೆಗೆ ಕೊಡುತ್ತಾರೆ, ಅಡಿಗೆ ನಾವೇ ಮಾಡಿಕೊಳ್ಳಬೇಕು, ಪಾತ್ರೆ ಪಡಗ ಎಲ್ಲ ಅವರದೇ ಎಂದು ಶಾಲೆಯ ಗೆಳೆಯರೊಬ್ಬರು ಹೇಳಿದರು.

"ಮನುಷ್ಯ ಬಂಗಾರರೀ" ಎಂದರು.

"ಮತ್ತ ಮನಿ?" ಎಂದೆ.

"ಮನುಷ್ಯ ಅಂದ್ರ ಬಂಗಾರ ನೋಡ್ರಿ" ಎಂದು ಮತ್ತೊಮ್ಮೆ ಹೇಳಿ ಅವರು ತರಗತಿಗೆ ನಡೆದರು. ನಾನು ಅಲ್ಲೇ ತಿಳಿದುಕೊಳ್ಳಬೇಕಾಗಿತ್ತು.

ಬಂಡಿ ಕಟ್ಟಿಕೊಂಡು ಹೊರಟೆವು. ತಾಜಸುಲ್ತಾನಪುರ ದಾಟುವ ಮೊದಲೇ ಅವ್ವ ಬುತ್ತಿಯ ಗಂಟು ಬಿಚ್ಚಿದಳು. ಪ್ರವಾಸ ಎಂದರೆ ಆಕೆಗೆ ಬುತ್ತಿ. ಉಳಿದದ್ದು ಎತ್ತುಗಳ ಕೆಲಸ. ಕಮಲಾಪುರ ಮುಟ್ಟಿದಾಗ ಜಮಾದಾರರು ದಾರಿಗೇ ಬಂದು ನಿಂತಿದ್ದರು. ಎತ್ತರದ, ಒಣಗಿದ ಆಳು. ಬಲಗೈಯನ್ನು ಎದೆಯ ಮೇಲೆ ಇಟ್ಟುಕೊಂಡೇ ನಡೆಯುವವರು, ಯಾವ ಗಳಿಗೆಯಲ್ಲಿ ಯಾರಿಗೆ ಸಲಾಮು ಮಾಡಬೇಕಾದೀತೋ ಎಂಬಂತೆ. ನನಗೆ ಸಲಾಮು ಮಾಡಿದರು, ಅವ್ವ ಕೂತಿದ್ದ ಬಂಡಿಯ ಕಮಾನಿಗೆ ಮಾಡಿದರು, ಬಂಡಿ ಹೊಡೆಯುವವನಿಗೂ ಮಾಡಿದರು. ಅವನಿಗೆ ಅದುವರೆಗೆ ಯಾರೂ ಸಲಾಮು ಮಾಡಿರಲಿಲ್ಲವೆಂದು ಕಾಣುತ್ತದೆ, ಗಾಬರಿಯಲ್ಲಿ ಎತ್ತಿನ ಹಗ್ಗ ಕೈಬಿಟ್ಟ.

"ಮನಿ ನಿಮ್ಮದೇ ಮಾಸ್ತರ ಸಾಬ್" ಎಂದರು. "ಇನ್ನ ನಾ ಈ ಕಡಿ ಹೆಜ್ಜಿ ಹಾಕಂಗಿಲ್ಲ. ನಿಮ್ಮ ಮಡಿಗೆ ಒಂದು ಕೂದಲೆಳಿ ಕಮ್ಮಿ ಆಗಬಾರದು."

ಈ ಮಾತನ್ನು ಅವರು ಕಟ್ಟುನಿಟ್ಟಾಗಿ ಪಾಲಿಸಿದರು. ಬಂದ ತೊಂದರೆಯೆಲ್ಲ ಅದರಿಂದಲೇ.

ಅವರು ಮುಸಲ್ಮಾನರು. ಅವರ ಮನೆ ಹಿಡಿಯುತ್ತಿದ್ದವರು ಹೆಚ್ಚಾಗಿ ಕಲಬುರ್ಗಿಯ ಲಿಂಗಾಯತರು, ನಮ್ಮಂಥವರು. ನಮ್ಮ ಅವ್ವ ಸ್ನಾನವಾಗದಿದ್ದರೆ ನನ್ನನ್ನೂ ಅಡಿಗೆಮನೆಯ ಹೊಸ್ತಿಲು ದಾಟಗೊಡುವವಳಲ್ಲ. ಲಿಂಗಕ್ಕೆ ತೋರಿಸದೆ ಒಂದು ತುತ್ತು ಬಾಯಿಗೆ ಹಾಕುವವಳಲ್ಲ. ಇಂಥವರ ಪದ್ಧತಿ ಕೆಡಬಾರದೆಂದು ಜಮಾದಾರರು ತೋಟದ ಕೊನೆಯ ಒಂದು ಕೋಣೆಗೆ ತಾವು ಸರಿದುಬಿಟ್ಟಿದ್ದರು. ಮೊದಲ ಬಾರಿ ಮನೆ ಕೊಟ್ಟ ದಿನದಿಂದ ಆ ಅಡಿಗೆಮನೆಯೊಳಗೆ ಅವರು ಕಾಲಿಟ್ಟಿರಲಿಲ್ಲ. ಮನೆ ಖಾಲಿ ಇದ್ದಾಗಲೂ ಇಲ್ಲ. ಕಸ ಬಳಿಯಲು ಒಬ್ಬ ಮುದುಕಿಯನ್ನು ಕಳಿಸುತ್ತಿದ್ದರು. ಆಕೆಗೆ ಕಣ್ಣು ಕಾಣುತ್ತಿರಲಿಲ್ಲ. ತೀರಿಹೋದ ತಮ್ಮ ಹೆಂಡತಿ ಇದ್ದಾಗ ಆ ಅಡಿಗೆಮನೆ ಹೇಗಿತ್ತೋ ಈಗಲೂ ಹಾಗೆಯೇ ಇದೆ ಎಂಬುದು ಅವರ ನಂಬಿಕೆ.

ನಾವು ಕಂಡದ್ದು ಬೇರೆ. ಒಲೆ ಹೊತ್ತಿಸಿದ ಕೂಡಲೇ ಹೊಗೆ ಮೇಲೆ ಹೋಗಿ, ಸುತ್ತ ನೋಡಿ, ತಿರುಗಿ ಕೆಳಗೆ ಬಂತು. ನಮ್ಮ ಕಡೆಯ ಮಾಳಿಗೆ ಮನೆಗಳಲ್ಲಿ ಒಲೆಯ ಮೇಲೆ ಮಾಳಿಗೆಗೆ ಒಂದು ಗವಾಕ್ಷಿ ಇರುತ್ತದೆ. ಹೊಗೆ ಅಲ್ಲಿಂದ ಹೋಗುತ್ತದೆ, ಬೆಳಕು ಅಲ್ಲಿಂದ ಬರುತ್ತದೆ. ಇಲ್ಲಿ ತಲೆಯೆತ್ತಿದರೆ ಬರೀ ಕಪ್ಪು. ಗವಾಕ್ಷಿ ಇಲ್ಲದ ಅಡಿಗೆಮನೆ ಯಾರು ಕಟ್ಟಿದರೋ ಎಂದುಕೊಂಡೆವು.

ತವಾ ನಡುವೆ ಉಬ್ಬಿತ್ತು. ಅವರ ಮನೆಯ ತೆಳು ರೊಟ್ಟಿಗೆ ಅದು ಸರಿ. ನಮ್ಮ ಜೋಳದ ರೊಟ್ಟಿ ಅದರ ಮೇಲೆ ನಿಲ್ಲುವುದಿಲ್ಲ. ಹಾಕಿದ ಕೂಡಲೇ ಮೆಲ್ಲಗೆ ಒಂದು ಬದಿಗೆ ಸರಿದು, ಒಲೆಯ ಬೂದಿಗೆ ಇಳಿಯುತ್ತಿತ್ತು. "ಇದು ಬೇಯಂಗಿಲ್ಲ, ಊರು ಬಿಟ್ಟು ಹೋಗ್ತದ" ಎಂದಳು ಅವ್ವ.

ಮಣ್ಣಿನ ಗಡಿಗೆಗಳು ಹೊಚ್ಚ ಹೊಸವು. "ಕೋರಾ ಅದಾವ್ರಿ ಅಮ್ಮಾಜಿ, ಯಾರ ಕೈನೂ ಹತ್ತಿಲ್ಲ" ಎಂದು ಜಮಾದಾರರು ಹುಣಸೆ ಗಿಡದ ಕಡೆ ಮುಖ ಮಾಡಿ ಹೇಳುತ್ತಿದ್ದರು. ಹೆಂಗಸರ ಜೊತೆ ಮಾತನಾಡುವಾಗ ಅವರು ಹುಣಸೆ ಗಿಡದ ಜೊತೆಗೇ ಮಾತನಾಡುವುದು. ಹೊಸ ಗಡಿಗೆ ಪಳಗುವತನಕ ಸೋರುತ್ತದೆ. ಅದು ಪಳಗಿ, ಬೇಳೆ ಸರಿಯಾಗಿ ಕುದಿಯತೊಡಗಿದ ದಿನ ಅವರು ಹಳೆಯದಾಯಿತೆಂದು ಅದನ್ನು ಒಯ್ಯಿಸಿ ಮತ್ತೆ ಹೊಸದು ಕಳಿಸುತ್ತಿದ್ದರು.

ಬಾವಿಯ ಹಗ್ಗ ಬಾವಿಗಿಂತ ಗಿಡ್ಡ. ಮನೆ ಕೊಟ್ಟ ಮೇಲೆ ಆ ಬಾವಿಯ ನೀರನ್ನೂ ಅವರು ಮುಟ್ಟುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ಕೆಳಗೆ ಇಳಿಯುತ್ತದೆ ಎಂಬುದು ಗೊತ್ತಾಗುವುದು ಹೇಗೆ? ನಾನು ಬಾವಿಯ ಕಟ್ಟೆಯ ಮೇಲೆ ಬೋರಲು ಬಿದ್ದು, ತೋಳು ಪೂರಾ ಒಳಗೆ ಇಳಿಬಿಟ್ಟು ನೀರು ಸೇದುತ್ತಿದ್ದೆ. ಅವ್ವ ಹಿಂದೆ ನನ್ನ ಧೋತರದ ಚುಂಗು ಹಿಡಿದು ನಿಲ್ಲುತ್ತಿದ್ದಳು.

"ಧೋತರ ಹಿಡಿದು ಏನು ಉಪಯೋಗ ಅವ್ವಾ?"

"ನೀ ಬಿದ್ರ ಧೋತರನಾದ್ರೂ ಉಳೀತದ."

ಇದರ ಮೇಲೆ ಹೊರಸು. ಅದರ ಹಗ್ಗ ಎಷ್ಟು ಸಡಿಲಾಗಿತ್ತೆಂದರೆ ಮಲಗಿದವರ ಬೆನ್ನು ನೆಲ ಮುಟ್ಟುತ್ತಿತ್ತು, ಏಳಲು ಇನ್ನೊಬ್ಬರ ಕೈ ಬೇಕಾಗುತ್ತಿತ್ತು. ಅಡಿಗೆಮನೆಯ ಬಾಗಿಲನ್ನು ಎತ್ತಿ, ಒದ್ದು, ಎಡಕ್ಕೆ ತಳ್ಳಿದರೆ ಮಾತ್ರ ಮುಚ್ಚುತ್ತಿತ್ತು. ಈ ಮೂರು ಕೆಲಸಗಳ ಕ್ರಮ ತಪ್ಪಿದರೆ ಬೆಕ್ಕು ಒಳಗೆ, ನಾವು ಹೊರಗೆ. ಇಷ್ಟೂ ಸಾಲದೆಂಬಂತೆ ದಿನಾ ಕಟ್ಟೆಯ ಮೇಲೆ ಕೆಂಪು ಬಾಳೆಹಣ್ಣಿನ ಚಿಪ್ಪು ಬಂದು ಕೂತಿರುತ್ತಿತ್ತು, ಪ್ರೀತಿಯಿಂದ, ಪುಕ್ಕಟೆಯಾಗಿ. ಹಣ್ಣಿಗೆ ಮಡಿಯಿಲ್ಲ, ಆದ್ದರಿಂದ ಬೇಡವೆನ್ನಲು ಕಾರಣವೂ ಇಲ್ಲ. ಕಮಲಾಪುರದ ಬಾಳೆಹಣ್ಣು ರುಚಿಯಲ್ಲಿ ಅಮೃತ. ಆದರೆ ಅಮೃತವನ್ನು ಮೂರು ಹೊತ್ತು ತಿನ್ನಲು ದೇವತೆಗಳಿಗೆ ಮಾತ್ರ ಸಾಧ್ಯ.

ನಾನು ಸಂತೆಗೆ ಹೋಗಿ ಉದ್ದನೆಯ ಹಗ್ಗ ತಂದೆ. ಅವ್ವ ಅದನ್ನು ಕಸಿದುಕೊಂಡು ಜೋಳದ ಚೀಲದ ಹಿಂದೆ ಅಡಗಿಸಿದಳು.

"ಆ ಮನುಷ್ಯ ಕಂಡ್ರ ಏನು ತಿಳ್ಕೋತಾನ? ಅವನ ಹಗ್ಗ ಸಾಲಲ್ಲ ಅಂತ ಮಾರಿಗಿ ಹೊಡದಂಗ ಆಗ್ತದ."

"ಸಾಲಂಗಿಲ್ಲ ಅನ್ನೋದು ಖರೇ ಅಲ್ಲೇನು?"

"ಖರೇ ಅದ. ಅದಕ್ಕೇ ಹೇಳಬಾರದು."

ಹೀಗೆ ನಮ್ಮ ಹಗ್ಗ ಜಮಾದಾರರು ನಮಾಜಿಗೆ ಹೋದಾಗ ಮಾತ್ರ ಹೊರಗೆ ಬರುತ್ತಿತ್ತು. ಒಂದು ದಿನ ಅಟ್ಟದ ಮೇಲೆ ಕಟ್ಟಿಗೆ ಹುಡುಕುವಾಗ ನನ್ನ ಕೈಗೆ ಗೋಣಿತಟ್ಟಿನ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಚಪ್ಪಟೆ ತವಾ. ಅದರ ಪಕ್ಕದಲ್ಲಿ ಇನ್ನೊಂದು ಉದ್ದ ಹಗ್ಗ, ಇಲಿ ಕಡಿದದ್ದು. ಆ ಮೂಲೆಯಲ್ಲಿ ಒಂದು ಪಳಗಿದ ಗಡಿಗೆ, ಹುಲ್ಲಿನಲ್ಲಿ ಮುಚ್ಚಿಟ್ಟದ್ದು. ಹಿಂದೆ ಬಂದುಹೋದ ಸಂಸಾರಗಳೆಲ್ಲ ನಮ್ಮಂತೆಯೇ ಕದ್ದು ಬಾಳುವೆ ಮಾಡಿದ್ದವು! ಅವ್ವ ಆ ತವಾವನ್ನು ಕಣ್ಣಿಗೊತ್ತಿಕೊಂಡಳು. "ಯಾವ ಪುಣ್ಯಾತ್ಗಿತ್ತಿನೋ" ಎಂದಳು.

ಹೊಗೆಗೆ ಮಾತ್ರ ಉಪಾಯ ಸಿಗಲಿಲ್ಲ. ಬಯಲಲ್ಲಿ ಒಲೆ ಹೂಡೋಣವೆಂದರೆ ಅವ್ವ ಒಪ್ಪಲಿಲ್ಲ. ದಾರಿಹೋಕರ ಕಣ್ಣು ಬಿದ್ದ ಅನ್ನವನ್ನು ಆಕೆ ಲಿಂಗಕ್ಕೆ ತೋರಿಸುವುದಿಲ್ಲ. ಕೆಮ್ಮು ಬಿಡಿಸಿಕೊಳ್ಳಲು ಬಂದವಳ ಕೆಮ್ಮು ಎರಡರಷ್ಟಾಯಿತು.

ಜಮಾದಾರರು ದಿನಾ ಬೇಲಿಯ ಹತ್ತಿರ ಬಂದು ನಿಂತು ಕೆಮ್ಮುತ್ತಿದ್ದರು. ಅವರದು ರೋಗದ ಕೆಮ್ಮಲ್ಲ, ಬಂದಿದ್ದೇನೆ ಎಂದು ತಿಳಿಸುವ ಕೆಮ್ಮು. ಅದಕ್ಕೆ ಒಳಗಿನಿಂದ ಅವ್ವನ ಖರೇ ಕೆಮ್ಮು ಉತ್ತರ ಕೊಡುತ್ತಿತ್ತು. ಆಮೇಲೆ ಅವರು ಗಿಡದ ಕಡೆ ತಿರುಗಿ, "ಅಮ್ಮಾಜಿ, ಏನೂ ತಕಲೀಫ್ ಇಲ್ಲಲ್ಲರೀ?" ಎನ್ನುತ್ತಿದ್ದರು. ಆ ಪ್ರಶ್ನೆಯನ್ನು ಅವರು ಕೇಳುವ ರೀತಿಗೆ ಇರುವುದು ಒಂದೇ ಉತ್ತರ. ದನಿ ಅಷ್ಟು ಮೆತ್ತಗೆ, ಮುಖ ಅಷ್ಟು ಆತುರ.

"ಏನಿಲ್ಲರೀ ಜಮಾದಾರ ಸಾಹೇಬ್ರ, ಎಲ್ಲಾ ಛಲೋ ಅದ."

"ಕೆಮ್ಮು ಕಮ್ಮಿ ಆಗ್ಯಾದಲ್ಲರೀ?"

"ಭಾಳ ಕಮ್ಮಿ ಆಗ್ಯಾದರೀ" ಎನ್ನುತ್ತಿದ್ದಳು ಅವ್ವ, ಸೆರಗನ್ನು ಬಾಯಿಗೆ ತುರುಕಿಕೊಂಡು.

ಅವರು ಸಂತೋಷದಿಂದ ಹೊರಟುಹೋದ ಮೇಲೆ ಅವ್ವ ನನ್ನ ಮೇಲೆ ಹರಿಹಾಯುತ್ತಿದ್ದಳು. ಆಕೆಗೆ ಎರಡು ದನಿ. ಬೇಲಿಯ ಆಚೆಗೆ ಒಂದು, ಈಚೆಗೆ ಒಂದು. ಈಚೆಯ ದನಿಗೆ ನಾನೊಬ್ಬನೇ ಗಿರಾಕಿ.

ಈ ಮನುಷ್ಯ ಇನ್ನೊಬ್ಬರ ಮನೆಯೊಳಕ್ಕೆ ಇಣುಕಲು ಇಷ್ಟೇಕೆ ಅಂಜುತ್ತಾರೆ ಎಂದು ನನಗೆ ಕುತೂಹಲ. ಒಂದು ಸಂಜೆ ಅವರೇ ಹೇಳಿದರು. ಅವರು ಜಮಾದಾರರಾಗಿದ್ದದ್ದು ಸುಂಕದ ನಾಕೆಯಲ್ಲಿ. ಗಡಿಯಲ್ಲಿ ಬಂಡಿ ನಿಲ್ಲಿಸಿ, ಬಂದವರ ಗಂಟು ಬಿಚ್ಚಿ ನೋಡುವುದು ಅವರ ಜೀವಮಾನದ ಕೆಲಸ. ಒಮ್ಮೆ ಒಬ್ಬ ಮುದುಕಿ ಮಗಳ ಮನೆಗೆಂದು ಉಪ್ಪಿನಕಾಯಿಯ ಭರಣಿ ಒಯ್ಯುತ್ತಿದ್ದಳಂತೆ. ಮೇಲಿನವರು ಅದರೊಳಗೂ ನೋಡು ಎಂದರು. ಇವರು ಕೈ ಹಾಕಿ ನೋಡಿದರು. ಉಪ್ಪಿನಕಾಯಿ ಬಿಟ್ಟು ಏನೂ ಇರಲಿಲ್ಲ. ಮುದುಕಿ ಬೈಯಲಿಲ್ಲ. ಭರಣಿಯನ್ನು ದಾರಿಯ ಬದಿಗೆ ಸುರುವಿ, ಖಾಲಿ ಭರಣಿಯನ್ನು ಬಗಲಲ್ಲಿ ಇಟ್ಟುಕೊಂಡು ಹೋದಳು.

"ಬೈದಿದ್ರ ಛಲೋ ಇತ್ತು ಮಾಸ್ತರ ಸಾಬ್" ಎಂದರು. "ಅವತ್ತಿನಿಂದ ಕಸಮ್ ಹಾಕೀನಿ. ನೌಕರಿ ಮುಗೀತು ಅಂದ್ರ ಮುಗೀತು. ಯಾರ ಗಡಿಗ್ಯಾಗೂ ನಾ ಇಣುಕಿ ನೋಡಂಗಿಲ್ಲ."

ಇದನ್ನು ಕೇಳಿದ ಮೇಲೆ ಹೊಗೆಯ ಮಾತು ತೆಗೆಯುವುದು ಇನ್ನೂ ಕಷ್ಟವಾಯಿತು. ಆದರೆ ಅದೇ ಸಂಜೆ, ಹುಣಸೆ ಗಿಡದ ಕೆಳಗಿನ ಕಲ್ಲಿನ ಮೇಲೆ ಕೂತು ಅವರೇ ಇನ್ನೊಂದು ಮಾತು ಎತ್ತಿದರು.

"ಒಂದು ಕೇಳಲೇನ್ರೀ? ಖರೇ ಹೇಳಬೇಕು."

"ಕೇಳ್ರಿ."

"ನನ್ನ ಮನಿಗಿ ಬಂದವ್ರು ಒಬ್ಬರಾದ್ರೂ ಹೆಸರಿಟ್ಟಿಲ್ಲ, ಒಂದು ತಪ್ಪು ತೆಗೆದಿಲ್ಲ. ಹೋಗೂಮುಂದ ಎಲ್ಲಾರ ಕಣ್ಣಾಗೂ ನೀರು. ಆದ್ರ ಮುಂದಿನ ವರ್ಷ ಯಾರೂ ಬರಂಗಿಲ್ಲ. ಯಾಕ?"

ಆ ಕಣ್ಣೀರಿನ ಮೂಲ ನನಗೆ ಗೊತ್ತಿತ್ತು.

"ಈ ವರ್ಷ ನೀವೊಬ್ಬರೇ ಬಂದೀರಿ" ಎಂದು ಮುಂದುವರಿಸಿದರು. "ಕಲಬುರ್ಗಿ ಸಾಹುಕಾರ ಒಬ್ಬಾಂವ ಶೇಂಗಾ ಚೀಲ ಇಡಾಕ ಮನಿ ಕೇಳ್ಯಾನ. ಶುಕ್ರವಾರ ನಮಾಜ ಆದಮ್ಯಾಲ ಬರ್ತಾನ. ನೀವು ಹೋದ ಮ್ಯಾಲ ಬೀಗದಕೈ ಅವನ ಕೈಗೆ. ನಾ ಹೈದರಾಬಾದಿಗೆ, ಮಗಳ ಮನಿಗಿ."

"ಮಗಳು ಛಲೋ ನೋಡ್ಕೋತಾಳಲ್ಲರೀ?"

"ಭಾಳ ಛಲೋ ನೋಡ್ಕೋತಾಳ. ಅದೇ ಅಂಜಿಕಿ. ಮುಂಜಾನಿ ಎದ್ದ ಕೂಡ್ಲೇ ಮಗಳು 'ಅಬ್ಬಾ, ಏನು ಬೇಕು' ಅಂತಾಳ. ಅಳಿಯ ಬಂದು 'ಏನು ಬೇಕು' ಅಂತಾನ. ಹೋದ ವರ್ಷ ಹೋಗಿದ್ದೆ. ಚಾದಾಗ ಸಕ್ಕರಿ ಮುಠ್ಠಿಗಟ್ಟಲೆ. ಹೇಳಾಕ ಬಾಯಿ ಬರಲಿಲ್ಲ. ಮನಿಗಿ ಬಂದ ಮೆಹಮಾನ ಹ್ಯಾಂಗ ಹೇಳ್ತಾನರೀ? ಎಲ್ಲಾ ಛಲೋ ಅದ, ಎಲ್ಲಾ ಛಲೋ ಅದ ಅನಕೋತ ಕುಡಿದು ಬಂದೆ. ಉಳಿದ ಜಿಂದಗಿ ಪೂರಾ ಹಾಂಗೇ ಕೂಡಬೇಕೇನು?"

ಇಷ್ಟು ಸ್ಪಷ್ಟವಾಗಿ ತಮ್ಮ ಪ್ರಶ್ನೆಗೆ ತಾವೇ ಉತ್ತರ ಕೊಟ್ಟು, ಅದು ಉತ್ತರವೆಂದು ತಿಳಿಯದೆ ಅವರು ನನ್ನ ಮುಖ ನೋಡುತ್ತಿದ್ದರು. ನಾನು ಮೆಲ್ಲಗೆ, "ಅಡಿಗಿ ಮನ್ಯಾಗ ಸ್ವಲ್ಪ ಹೊಗಿ ಆಗ್ತದರೀ" ಎಂದೆ.

ಅವರು ನಕ್ಕುಬಿಟ್ಟರು. "ಒಲಿ ಇದ್ದಲ್ಲಿ ಹೊಗಿ ಇದ್ದೇ ಇರ್ತದಲ್ಲ ಮಾಸ್ತರ ಸಾಬ್!"

"ನೀವೊಮ್ಮೆ ಒಳಗ ಬಂದು ನೋಡಿದ್ರ..."

"ತೌಬಾ, ತೌಬಾ!" ಎಂದು ಎರಡೂ ಕಿವಿ ಮುಟ್ಟಿಕೊಂಡು ಎದ್ದು ಹೋದರು.

ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಎಲ್ಲ ಹೇಳಿದೆ. ಸಾಹುಕಾರ ಬರುವುದು, ಮನೆ ಶೇಂಗಾ ಪಾಲಾಗುವುದು, ಚಹಾದ ಸಕ್ಕರೆ. ಅವ್ವನ ಎರಡು ದನಿಗಳೂ ಸುಮ್ಮನಾದದ್ದು ಅದೇ ಮೊದಲು.

ಶುಕ್ರವಾರ ಬಂತು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಎಂದಿನಂತೆ ಬೇಲಿಯ ಹತ್ತಿರ ಕೆಮ್ಮು ಕೇಳಿತು, ಎಂದಿನಂತೆ, "ಅಮ್ಮಾಜಿ, ಏನೂ ತಕಲೀಫ್ ಇಲ್ಲಲ್ಲರೀ?" ಅವ್ವ ಅಡಿಗೆಮನೆಯ ಬಾಗಿಲನ್ನು ಎತ್ತಿ, ಒದ್ದು, ತೆರೆದುಕೊಂಡು ಅಂಗಳಕ್ಕೆ ಬಂದಳು. ಸೆರಗು ತಲೆಯ ಮೇಲೆ, ಕಣ್ಣು ಕೆಂಡದಂತೆ ಕೆಂಪು, ಮೂಗಿನ ತುದಿಗೆ ಮಸಿ. ಬಂದು ಹುಣಸೆ ಗಿಡಕ್ಕೂ ಜಮಾದಾರರಿಗೂ ನಡುವೆ ನಿಂತಳು. ಅವರಿಗೆ ನೋಡಲು ಬೇರೆ ಜಾಗ ಉಳಿಯಲಿಲ್ಲ.

"ಅದರೀ" ಎಂದಳು. "ಭಾಳ ತಕಲೀಫ್ ಅದ. ಮನಿ ನಿಮ್ಮದು, ಕಣ್ಣು ನನ್ನವು. ಒಳಗ ಬಂದು ನೋಡ್ರಿ."

ಜಮಾದಾರರ ಬಲಗೈ ಎದೆಯ ಮೇಲೆಯೇ ನಿಂತುಬಿಟ್ಟಿತು. "ಅಡಿಗಿ ಮನ್ಯಾಗ? ನಾ? ಅಮ್ಮಾಜಿ, ನಿಮ್ಮ ಲಿಂಗ, ನಿಮ್ಮ ಮಡಿ..."

"ನನ್ನ ಲಿಂಗ ನನ್ನ ಎದಿ ಮ್ಯಾಲ ಅದ. ಹೊಗಿ ಕುಡಿದು ಕುಡಿದು ಅದಕ್ಕೂ ಸಾಕಾಗ್ಯಾದ. ಬರ್ರಿ."

ಅವರು ಒಂದು ಗಳಿಗೆ ಯೋಚಿಸಿ, "ಹಾಂಗಾದ್ರ ಸ್ನಾನ ಮಾಡಿ ಬರ್ತೀನ್ರೀ" ಎಂದು ಓಡಿದರು. ತಿರುಗಿ ಬಂದದ್ದು ಶುಕ್ರವಾರದ ಉಡುಪಿನಲ್ಲಿ. ಹಾಲಿನಂಥ ಬಿಳಿ ಅಂಗಿ, ಬಿಳಿ ಪಾಯಿಜಾಮ, ಅತ್ತರಿನ ವಾಸನೆ. ಚಪ್ಪಲಿ ದೂರ ಬಿಟ್ಟು, ಹೊಸ್ತಿಲಲ್ಲಿ ನಿಂತು, ಕಣ್ಣು ಮುಚ್ಚಿ ಏನೋ ಅಂದುಕೊಂಡು ಒಳಗೆ ಕಾಲಿಟ್ಟರು. ಕಾಲಿಟ್ಟ ಕೂಡಲೇ ಕಣ್ಣು ತೆರೆದರು. ತೆರೆದದ್ದು ತಪ್ಪಾಯಿತು.

ಕೆಮ್ಮಿದರು. ಈ ಸಲ ಬಂದಿದ್ದೇನೆಂದು ತಿಳಿಸುವ ಕೆಮ್ಮಲ್ಲ.

"ಗವಾಕ್ಷಿ ಎಲ್ಲದರೀ?" ಎಂದರು ಕಣ್ಣೊರೆಸಿಕೊಳ್ಳುತ್ತ.

"ಅದನ್ನ ನಾವು ನಿಮಗ ಕೇಳಬೇಕು" ಎಂದಳು ಅವ್ವ.

ಅವರು ಮೇಲೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಹಣೆಗೆ ಹೊಡೆದುಕೊಂಡು, "ಯಾ ಅಲ್ಲಾ, ಫರಸಿ!" ಎಂದು ಮಾಳಿಗೆಯ ಮೆಟ್ಟಿಲ ಕಡೆ ಓಡಿದರು. ನಾನು ಹಿಂದೆ ಓಡಿದೆ.

ಮಾಳಿಗೆಯ ಮೇಲೆ, ಸರಿಯಾಗಿ ಒಲೆಯ ನೆತ್ತಿಗೆ, ಒಂದು ದೊಡ್ಡ ಫರಸಿ ಕಲ್ಲು ಮಲಗಿತ್ತು. ಮಳೆಯ ಮಣ್ಣು ಅದರ ಸುತ್ತ ಮೆತ್ತಿಕೊಂಡು ಹುಲ್ಲು ಬೆಳೆದಿತ್ತು.

"ನಾನೇ ಇಟ್ಟೀನಿ ಮಾಸ್ತರ ಸಾಬ್" ಎಂದರು. "ಮೊದಲನೇ ಸಲ ನಿಮ್ಮವರು ಬರ್ತಾರ ಅಂದಾಗ ಒಂದು ಹದ್ದು ನನ್ನ ಕೋಣಿ ಮುಂದಿನ ಎಲುಬು ಒಯ್ದು ಇಲ್ಲೇ ಮಾಳಿಗಿ ಮ್ಯಾಲ ಒಗೀತು. ಇನ್ನೊಂದು ಗೇಣು ಆಚೆ ಬಿದ್ದಿದ್ರ ಗವಾಕ್ಷ್ಯಾಗಿಂದ ಒಲಿ ಮ್ಯಾಲ ಬೀಳ್ತಿತ್ತು, ನಾಳಿ ಅವರ ಅನ್ನದಾಗ ಬಿದ್ರ? ಅವರ ಧರ್ಮ ಕೆಡಬಾರದು ಅಂತ ಇಬ್ಬರು ಹಮಾಲರನ್ನ ಕರೆಸಿ ಈ ಕಲ್ಲು ಮುಚ್ಚಿಸಿದೆ."

ಧರ್ಮ ಉಳಿದಿತ್ತು. ಅದನ್ನು ಉಳಿಸಿಕೊಂಡವರ ಕಣ್ಣು ಹೋಗಿತ್ತು.

ಇಬ್ಬರೂ ಕಲ್ಲಿಗೆ ಕೈ ಕೊಟ್ಟೆವು. ಅವರ ವಯಸ್ಸಿಗೆ ಆ ಬಲ ಎಲ್ಲಿಂದ ಬಂತೋ, ಕಲ್ಲು ಒಮ್ಮೆಲೇ ಸರಿಯಿತು. ವರ್ಷಗಟ್ಟಲೆ ಕೂಡಿಕೊಂಡಿದ್ದ ಹೊಗೆ ಒಂದೇ ಉಸಿರಿಗೆ ಮೇಲೆ ನುಗ್ಗಿ ಅವರ ಬಿಳಿ ಬಟ್ಟೆಯನ್ನು ಆವರಿಸಿತು. ಮಸಿ, ಮಣ್ಣು, ಹುಲ್ಲಿನ ಬೇರು ಎಲ್ಲ ಕೆಳಗೆ ಹೋದವು. ಕೆಳಗಿನಿಂದ ಗಡಿಗೆ ಒಡೆದ ಸದ್ದು ಕೇಳಿತು.

ಜಮಾದಾರರು ಗವಾಕ್ಷಿಗೆ ಮುಖವಿಟ್ಟು ಅಂಜುತ್ತ ಕೇಳಿದರು: "ಅಮ್ಮಾಜಿ, ಬೆಳಕು ಬಂತೇನ್ರೀ?"

"ಬೆಳಕು ಬಂತು" ಎಂದಳು ಅವ್ವ. "ಬ್ಯಾಳಿ ಹೋತು."

ಇದೇ ಹೊತ್ತಿಗೆ ಅಂಗಳದಲ್ಲಿ ಸಾಹುಕಾರರ ಬಂಡಿ ಬಂದು ನಿಂತಿತು. ನಮಾಜು ಮುಗಿದ ಮೇಲೆ ಬರಬೇಕಾದವರು ಆತುರಕ್ಕೆ ಮೊದಲೇ ಬಂದಿದ್ದರು. ತಲೆಯೆತ್ತಿ ಮಾಳಿಗೆ ನೋಡಿ ದಂಗಾದರು.

"ಏನ್ರೀ ಇದು ಜಮಾದಾರ ಸಾಬ್? ಇದ್ದಲಿ ವ್ಯಾಪಾರ ಚಾಲೂ ಮಾಡೀರೇನು?"

ಜಮಾದಾರರು ಮಸಿ ಹತ್ತಿದ ಕೈಯನ್ನೇ ಎದೆಗಿಟ್ಟು ಸಲಾಮು ಮಾಡಿದರು. ಕಲ್ಲಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನನ್ನನ್ನು ಕೇಳಿದರು: "ಇಷ್ಟು ವರ್ಷ ಬಂದವ್ರೆಲ್ಲಾ ಈ ಹೊಗ್ಯಾಗೇ ಇದ್ದರೇನು? ಒಬ್ಬರೂ ಯಾಕ ಹೇಳಲಿಲ್ಲ?"

ಅವರ ಮುಖ ನೋಡಲಾಗಲಿಲ್ಲ. ಉಪ್ಪಿನಕಾಯಿ ಸುರುವಿದ ಮುದುಕಿಯ ಎದುರು ಅವರು ಹೇಗೆ ನಿಂತಿದ್ದರೆಂದು ನನಗೆ ಆಗ ಕಂಡಿತು. ಇನ್ನೇನು ಬೀಗದಕೈ ತೆಗೆದು ಕೆಳಗೆ ಒಗೆದುಬಿಡುತ್ತಾರೆ ಎನ್ನಿಸಿತು. ಕೈ ಜೇಬಿಗೆ ಹೋಗಿಯೂ ಇತ್ತು.

ಕೆಳಗೆ ಅವ್ವ ಅಂಗಳಕ್ಕೆ ಬಂದಳು. ಮಸಿಯಲ್ಲಿ ಹಲ್ಲು ಮತ್ತು ವಿಭೂತಿಯ ಒಂದು ಗೆರೆ ಮಾತ್ರ ಬೆಳ್ಳಗಿದ್ದವು. ಸಾಹುಕಾರರನ್ನು ಆಕೆ ಲೆಕ್ಕಕ್ಕೇ ಹಿಡಿಯಲಿಲ್ಲ.

"ಹೇಳಾಕ ನೀವು ಎಲ್ಲಿ ಬಿಟ್ಟೀರಿ? ಬರ್ತೀರಿ, ಗಿಡ ನೋಡ್ತೀರಿ, ಹೋಗ್ತೀರಿ. ಈಗ ಕೇಳ್ರಿ. ನಿಮ್ಮ ತವಾದ ಮ್ಯಾಲ ರೊಟ್ಟಿ ನಿಲ್ಲಂಗಿಲ್ಲ. ನಿಮ್ಮ ಹಗ್ಗ ಗಿಡ್ಡ, ನನ್ನ ಮಗ ಇವತ್ತು ಬೀಳ್ತಾನೋ ನಾಳಿ ಬೀಳ್ತಾನೋ. ಗಡಿಗಿ ಪಳಗೂತನಕ ಬಿಡ್ರಿ, ಕಿತಗೊಂಡು ಹೋಗಬ್ಯಾಡ್ರಿ. ಹೊರಸು ಅಲ್ಲ ಅದು, ಜೋಳಿಗಿ. ಆ ಬಾಗಿಲಿಗೆ ನನ್ನ ಮೊಳಕಾಲು ಹೋಗ್ಯಾದ. ಇನ್ನ ಬಾಳಿಹಣ್ಣು..." ಇಲ್ಲಿ ಸ್ವಲ್ಪ ತಡೆದಳು. "ಬಾಳಿಹಣ್ಣು ದಿನಾ ಬ್ಯಾಡ್ರೀ. ದೇವರಾಣಿ ಬ್ಯಾಡ."

ಇಷ್ಟು ಹೇಳಿ, ಒಳಗೆ ಹೋಗಿ, ಜೋಳದ ಚೀಲದ ಹಿಂದಿನ ಹಗ್ಗ, ಅಟ್ಟದ ಚಪ್ಪಟೆ ತವಾ, ಹುಲ್ಲಿನಲ್ಲಿದ್ದ ಗಡಿಗೆ ಎಲ್ಲವನ್ನೂ ತಂದು ಅಂಗಳದ ನಡುವೆ ಇಟ್ಟಳು. "ನೋಡ್ರಿ, ನಿಮಗ ಅಂಜಿ ಎಲ್ಲಾರೂ ಕಳ್ಳರಾಗ್ಯಾರ."

ಜಮಾದಾರರು ಆ ಸಾಮಾನುಗಳನ್ನು ನೋಡಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದೆ. ನಗುತ್ತಿದ್ದರು. ಸುಂಕದ ನಾಕೆಯಲ್ಲಿ ಜೀವಮಾನ ಕಳೆದ ಜಮಾದಾರನ ಮೂಗಿನ ಕೆಳಗೇ, ಅವನ ಸ್ವಂತ ಮನೆಯೊಳಗೆ, ಇಷ್ಟು ವರ್ಷ ಕಳ್ಳ ಸಾಗಣೆ ನಡೆದಿತ್ತು!

ಸಾಹುಕಾರರಿಗೆ ತಾಳ್ಮೆ ತಪ್ಪಿತು. "ಬೀಗದಕೈ ಮಾತು ಏನಾತ್ರೀ?"

"ಮನಿ ಖಾಲಿ ಇಲ್ಲರೀ ಸಾಹುಕಾರ್ರ" ಎಂದರು ಜಮಾದಾರರು ಮೇಲಿನಿಂದ.

"ಮಾಸ್ತರ ಮುಂದಿನ ವಾರ ಹೋಗ್ತಾರಂತಲ್ಲ?"

"ಬರೂ ವರ್ಷ ಮತ್ತ ಬರ್ತೇವಿ" ಎಂದಳು ಅವ್ವ ಸಾಹುಕಾರರಿಗೆ. ಆಮೇಲೆ ಮಾಳಿಗೆಗೆ: "ಬಾಗಿಲು ರಿಪೇರಿ ಆದ್ರ."

ಸಾಹುಕಾರರು ಬಂಡಿ ತಿರುಗಿಸಿದರು. ಜಮಾದಾರರು ಮತ್ತೊಮ್ಮೆ ಸ್ನಾನ ಮಾಡಿ, ಬಣ್ಣದ ಅಂಗಿಯಲ್ಲಿ ನಮಾಜಿಗೆ ಓಡಿದರು. ನಾವು ಅಂದು ಬಾಳೆಹಣ್ಣು ತಿಂದು ಮಲಗಿದೆವು.

ಮುಂದಿನ ಬೇಸಿಗೆಗೆ ಹೋದಾಗ ಒಲೆಯ ಹೊಗೆ ನೆಟ್ಟಗೆ ಆಕಾಶಕ್ಕೆ ಹೋಗುತ್ತಿತ್ತು. ಗವಾಕ್ಷಿಗೆ ಹದ್ದಿನ ಎಲುಬು ಬೀಳದಂತೆ ತಂತಿಯ ಜಾಳಿಗೆ ಹಾಕಿಸಿದ್ದರು. ತವಾ ಚಪ್ಪಟೆಯಾಗಿತ್ತು. ಹಗ್ಗ ಎಷ್ಟು ಉದ್ದವಾಗಿತ್ತೆಂದರೆ ಕೊಡ ಬಾವಿಯ ತಳದ ಕೆಸರು ತರುತ್ತಿತ್ತು. ಅವ್ವ ಅದಕ್ಕೂ ಬೈದಳು, ಅವರು ಅದನ್ನೂ ಕತ್ತರಿಸಿದರು. ನಮ್ಮಿಂದ ಕೇಳಿ ಗಾಜಿಪುರದ ಇನ್ನೆರಡು ಮನೆಯವರು ಹೋದರು, ತಿರುಗಿ ಮತ್ತೆ ಹೋದರು. ಈಗ ಅವರ ಬಾಯಲ್ಲಿ ಒಂದೇ ದೂರು. ಜಮಾದಾರರು ದಿನಾ ಬಂದು, ಹೊಸ್ತಿಲಲ್ಲಿ ಕೂತು, ಏನು ತಪ್ಪಿದೆ ಹೇಳಿ ಎಂದು ಪೀಡಿಸುತ್ತಾರೆ. ಏನೂ ಇಲ್ಲವೆಂದರೆ ನಂಬುವುದಿಲ್ಲ. ಒಂದಾದರೂ ತಪ್ಪು ಹುಡುಕಿ ಕೊಡುವತನಕ ಏಳುವುದಿಲ್ಲ. ಕಲಬುರ್ಗಿಗೆ ಬಂದಾಗ ಅವರು ನಮ್ಮ ಓಣಿಯಲ್ಲಿ ನಿಂತು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು: "ಈಗ ನನ್ನ ಮನ್ಯಾಗ ಬಂದವ್ರು ಬೈತಾರ್ರೀ!"

ಅವರು ತೀರಿಕೊಂಡ ಸುದ್ದಿ ಕೆಲವು ವರ್ಷಗಳ ಮೇಲೆ ಬಂತು. ನಾನು ಕಮಲಾಪುರಕ್ಕೆ ಹೋದೆ. ಮನೆಯಲ್ಲಿ ಮಗಳಿದ್ದಳು. ತಂದೆ ಹೈದರಾಬಾದಿಗೆ ಬರಲು ಕಡೆಗೂ ಒಪ್ಪಲಿಲ್ಲ, ಆದ್ದರಿಂದ ತಾನೇ ಬಂದು ಎರಡು ತಿಂಗಳು ಜೊತೆಗಿದ್ದಳಂತೆ. ಅಂಗಳದಲ್ಲಿ ಕೂತು ಹೇಳಿದಳು:

"ಕಡೀ ದಿನ ಮುಂಜಾನಿ ಗಂಜಿ ಮಾಡಿ ಕೊಟ್ಟೆ ಮಾಸ್ತರ ಸಾಬ್. ಒಂದು ಗುಟುಕು ಕುಡಿದು ಬಟ್ಟಲಾ ದೂರ ಸರಿಸಿದ್ರು. 'ಇದಕ್ಕ ಉಪ್ಪು ಹಾಕೀದೇನು ಇಲ್ಲೇನು? ಯಾವ ಗ್ಯಾನದಾಗ ಅದೀ?' ಅಂತ ಸಿಟ್ಟು ಮಾಡಿದ್ರು. ನಾ ಹುಟ್ಟಿದಾಗಿನಿಂದ ಅಬ್ಬಾ ನನ್ನ ಅಡಿಗಿಗಿ ಒಂದು ಮಾತು ಅಂದವರಲ್ಲ." ಅವಳ ಕಣ್ಣು ತುಂಬಿ ಬಂತು. ಆ ಮಾತು ಅವಳಿಗೆ ನೋವಾಗಿ ಉಳಿದಿತ್ತು. ಅದು ನೋವಿನ ಮಾತಲ್ಲವೆಂದು ಹೇಗೆ ತಿಳಿಸಬೇಕೋ ಗೊತ್ತಾಗದೆ, "ಛಲೋ ಆತವ್ವಾ" ಎಂದೆ. ಅವಳು ಅರ್ಥವಾಗದೆ ನನ್ನನ್ನು ನೋಡಿದಳು.

ಊರಿಗೆ ಬಂದು ಅವ್ವನಿಗೆ ಹೇಳಿದೆ. ಆಕೆ ಜೋಳದ ಹಿಟ್ಟು ಸೋಸುತ್ತಿದ್ದಳು. ಕೈ ನಿಂತಿತು.

"ಆಕಿ ಮತ್ತ ಉಪ್ಪು ಹಾಕಿ ಕೊಟ್ಟಳಂತೇನು?"

"ಹಾಕಿ ಕೊಟ್ಟಳಂತ."

"ಕುಡದ್ರಂತೇನು?"

"ಬಟ್ಟಲಾ ಪೂರಾ ಕುಡದ್ರಂತ. ಇನ್ನೊಂದು ಸ್ವಲ್ಪ ಹಾಕು ಅಂದ್ರಂತ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಜರಡಿ ಹಿಡಿದಳು.